ದನಿಗಳಿಗೊಂದು ಪಹರೆ

ಮುರಿಗೆಪ್ಪ ಹೊಂಬಳ ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ಹೆಸರು ಕೂಗುವ ಕೆಲಸದಲ್ಲಿದ್ದ. ವರಾಂಡದಲ್ಲಿ ನಿಂತು ಅವನು ಕಕ್ಷಿದಾರರ ಹೆಸರು ಕೂಗಿದರೆ ಗೇಟಿನಾಚೆ ಚಹಾ ಕುಡಿಯುತ್ತಿದ್ದವನೂ ಕಪ್ಪು ಕೆಳಗಿಟ್ಟು ಓಡಿಬರುತ್ತಿದ್ದ. ಅಂಥವನ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದು ವೈದ್ಯರು ಹೇಳಿದಾಗ ಅವನ ಹೆಂಡತಿ ಸುನಂದಾ ಅಳುವುದನ್ನು ಮುಂದಕ್ಕೆ ಹಾಕಿದಳು. ಅವಳು ಆಸ್ಪತ್ರೆಯೊಂದರಲ್ಲಿ ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ಚಿಕಿತ್ಸಕಿ. ಮುಂದೇನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶಸ್ತ್ರಚಿಕಿತ್ಸೆಗೆ ಮೊದಲಿನ ವಾರವೆಲ್ಲ ಅವನನ್ನು ಕೋಣೆಯಲ್ಲಿ ಕೂರಿಸಿ ಪತ್ರಿಕೆ, ಪಂಚಾಂಗ, ಔಷಧಿ ಡಬ್ಬಿಯ ಮೇಲಿನ ಬರಹ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಸಿದಳು, ನಗಿಸಿದಳು, ಬೇಕೆಂದೇ ಜಗಳ ತೆಗೆದು ಬೈಸಿಕೊಂಡಳು. ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಳು.

ಆ ದನಿಯನ್ನು ಮರಳಿ ಮುರಿಗೆಪ್ಪನ ಕುತ್ತಿಗೆಗೆ ಕಟ್ಟಿದವನು ಇಮ್ತಿಯಾಜ್ ನದಾಫ. ಕಿವಿಯ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು, ಬೇಸತ್ತು ಊರಿಗೆ ಬಂದಿದ್ದ. ಧ್ವನಿಪೆಟ್ಟಿಗೆ ಹೋದರೂ ಮನುಷ್ಯ ಮಾತಾಡಲು ಹೊರಟಾಗ ಕುತ್ತಿಗೆಯ, ದವಡೆಯ, ನಾಲಗೆಯ ಸ್ನಾಯುಗಳು ಮೊದಲಿನಂತೆಯೇ ಮಿಡಿಯುತ್ತವೆ. ಆ ಮಿಡಿತ ಹಿಡಿಯಲು ಇಮ್ತಿಯಾಜ್ ಒಂದು ಪಟ್ಟಿ ಮಾಡಿದ. ನೋಡಲು ಹಳೆಯ ಕಾಲದ ಕಂಠಾಭರಣದ ಹಾಗಿದ್ದುದರಿಂದ ಅದಕ್ಕೆ ಕಂಠಿ ಎಂದೇ ಹೆಸರಾಯಿತು. ಕಂಠಿ ಹಿಡಿದ ಮಿಡಿತ ಒಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಅಲ್ಲಿ ಎರಡು ಕೆಲಸ ನಡೆಯುತ್ತಿದ್ದವು. ಯಾವ ಮಿಡಿತಕ್ಕೆ ಯಾವ ಮಾತು ಎಂಬ ನಕ್ಷೆಯನ್ನು ನೋಡಿ ಮಾತನ್ನು ಗುರುತಿಸುವುದು ಒಂದು. ಅದೇ ಮನುಷ್ಯನ ಮುದ್ರಿತ ದನಿಯಲ್ಲಿ ಆ ಮಾತನ್ನು ಹೊಸದಾಗಿ ನುಡಿಸಿ ಕಂಠಿಗೆ ವಾಪಸು ಕಳಿಸುವುದು ಇನ್ನೊಂದು. ಕಣ್ಣು ಮಿಟುಕಿಸುವುದರೊಳಗೆ ಎರಡೂ ಆಗಿಬಿಡುತ್ತಿದ್ದವು. ನಕ್ಷೆ ತಯಾರಾಗಲು ಮಾತ್ರ ಪ್ರತಿಯೊಬ್ಬರೂ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಿತ್ತು.

ಕೊಪ್ಪಿಕರ ರಸ್ತೆಯ ಹಿಂದಿನ ಓಣಿಯಲ್ಲಿ, ಕನ್ನಡಕದಂಗಡಿಯ ಮಹಡಿಯ ಮೇಲೆ, ಸುನಂದಾ ಮತ್ತು ಇಮ್ತಿಯಾಜ್ ಸೇರಿ ‘ಸ್ವರ ಕೇಂದ್ರ’ ಎಂಬ ಸಣ್ಣ ವ್ಯವಹಾರ ಶುರುಮಾಡಿದರು. ಗುಟಕಾ, ತಂಬಾಕು ಊರಿನ ಅದೆಷ್ಟು ಗಂಟಲುಗಳನ್ನು ತಿಂದಿದ್ದವೋ! ಶಸ್ತ್ರಚಿಕಿತ್ಸೆಗೆ ಮೊದಲೇ ದನಿ ಮುದ್ರಿಸಿಟ್ಟುಕೊಂಡು, ಕಾಲಕ್ರಮೇಣ ಒಂದು ದೊಡ್ಡ ಪಂಕ್ತಿಯ ಊಟಕ್ಕೆ ಕೂರುವಷ್ಟು ಮಂದಿ ಕಂಠಿ ಕಟ್ಟಿಕೊಂಡು ತಮ್ಮ ತಮ್ಮ ದನಿಯಲ್ಲಿ ಮಾತಾಡುವಂತಾದರು. ಬಾಳೆಹಣ್ಣು ಮಾರುವ ಫಕೀರಪ್ಪ ಮತ್ತೆ ದುರ್ಗದ ಬೈಲಿನ ಮಾರ್ಕೆಟ್ಟಿನಲ್ಲಿ ಕೂಗತೊಡಗಿದ. ಗಣಿತದ ಪಾಠ ಹೇಳುವ ವತ್ಸಲಾ ಇನಾಮದಾರ ಮತ್ತೆ ಮಕ್ಕಳನ್ನು ಗದರಿಸಿದಳು. ವತ್ಸಲಾ ತಂಬಾಕು ಮುಟ್ಟಿದವಳಲ್ಲ. ಆದರೂ ರೋಗ ಅವಳಿಗೂ ಬಂದಿತ್ತು.

ಹೀಗಿರುವಾಗ ಪಕ್ಕದ ಜಿಲ್ಲೆಯ ಇಂಥದೇ ಒಂದು ಕೇಂದ್ರದ ಕಂಪ್ಯೂಟರಿಗೆ ವೈರಸ್ ನುಗ್ಗಿತು. ಫೈಲುಗಳು ಅಳಿಸಿಹೋಗಿದ್ದರೆ ಸುದ್ದಿಯಾಗುತ್ತಿರಲಿಲ್ಲ. ಅದು ದನಿಗಳನ್ನು ಕದ್ದುಕೊಂಡು ಹೋಯಿತು. ಕದ್ದ ದನಿಗಳಿಂದ ಜನರ ಮನೆಗಳಿಗೆ ಫೋನ್ ಕರೆಗಳು ಹೋಗತೊಡಗಿದವು. ಒಬ್ಬ ಹೆಂಗಸಿಗೆ ಸತ್ತ ಗಂಡನ ದನಿಯಲ್ಲಿ ಕರೆ ಬಂತು. ಬಾಗಿಲು ತೆಗೆ, ಹೊರಗೆ ನಿಂತಿದ್ದೇನೆ ಎಂದಿತು. ಅವಳು ತೆಗೆದಳು. ಕಳ್ಳರು ಒಯ್ದ ವಸ್ತುಗಳ ಬಗ್ಗೆ ಅವಳು ಪೊಲೀಸರಿಗೆ ಏನನ್ನೂ ಹೇಳಲಿಲ್ಲವಂತೆ. ಆ ಫೋನ್ ಮತ್ತೆ ಬರುತ್ತದೆಯೇ ಎಂದಷ್ಟೇ ಕೇಳಿದಳಂತೆ.

ಈ ಸುದ್ದಿ ಬಂದ ಮೇಲೆ ಸುನಂದಾಳ ನಿದ್ದೆ ಹಾರಿಹೋಯಿತು. ಅವರ ಕಂಪ್ಯೂಟರಿನಲ್ಲಿದ್ದದ್ದು ಯಾವುದೋ ಕಾಲದ ಆ್ಯಂಟಿವೈರಸ್. ಹೊಸದನ್ನು ಆರಿಸಲೇಬೇಕಿತ್ತು. ಇಮ್ತಿಯಾಜ್ ಒಂದು ವಾರ ಓಡಾಡಿ ಮೂರು ಬಗೆಯವನ್ನು ತಂದು ಮುಂದಿಟ್ಟ.

ಮೊದಲನೆಯದು ಗೊತ್ತಿರುವ ಕಳ್ಳರ ಚಹರೆಗಳನ್ನು ಇಟ್ಟುಕೊಂಡು ಬಂದವರ ಮುಖ ನೋಡುವಂಥದ್ದು. ಸುಲಭ, ಹಗುರ. ಆದರೆ ಈಗಿನ ವೈರಸ್ಸುಗಳು ಹೊತ್ತಿಗೊಂದು ಮುಖ ಬದಲಿಸುತ್ತಿದ್ದವು. ನಿನ್ನೆಯ ಚಹರೆ ಇವತ್ತಿಗೆ ಉಪಯೋಗವಿರಲಿಲ್ಲ. ಎರಡನೆಯದು ಎಲ್ಲವನ್ನೂ ದೂರದೇಶದ ದೊಡ್ಡ ಕಂಪ್ಯೂಟರುಗಳಿಗೆ ಕಳಿಸಿ, ಅಲ್ಲಿ ತಪಾಸಣೆ ಮಾಡಿಸಿ ವಾಪಸು ತರಿಸುವಂಥದ್ದು. ಸುನಂದಾ ಅದನ್ನು ಮನೆಯಲ್ಲೇ ಪರೀಕ್ಷಿಸಿದಳು. ಊಟಕ್ಕೆ ಕೂತಾಗ ಮುರಿಗೆಪ್ಪ ಏನೋ ತಮಾಷೆ ಹೇಳಲು ಬಾಯಿ ಆಡಿಸಿದ. ಮಾತು ಹೊರಬರುವಷ್ಟರಲ್ಲಿ ಸುನಂದಾ ಬೇರೇನೋ ಕೇಳಿಬಿಟ್ಟಿದ್ದಳು. ಅವಳಿಗೆ ಉತ್ತರ ಕೊಡಹೋದಾಗ ಹಿಂದಿನ ತಮಾಷೆ ಕೇಳಿಸಿತು. ಸ್ವಲ್ಪ ಹೊತ್ತು ಹೀಗೇ ಒಬ್ಬರ ಮಾತನ್ನೊಬ್ಬರು ತುಳಿದರು. ಮುರಿಗೆಪ್ಪ ಕಂಠಿ ಬಿಚ್ಚಿ ತಾಟಿನ ಪಕ್ಕದಲ್ಲಿಟ್ಟು ಸುಮ್ಮನೆ ರೊಟ್ಟಿ ಮುರಿದ.

ಮೂರನೆಯದರ ಹೆಸರು ‘ಪಹರೆ’. ಆಗಷ್ಟೇ ಹುಟ್ಟಿದ್ದ ಸಣ್ಣ ಕಂಪನಿಯೊಂದು ಮಾಡಿದ್ದು. ಅದು ಕಳ್ಳರನ್ನು ಹುಡುಕುತ್ತಲೇ ಇರಲಿಲ್ಲ. ನಮ್ಮ ದೇಹದ ರೋಗನಿರೋಧಕ ಶಕ್ತಿಯ ಹಾಗೆ ತನ್ನದು ಯಾವುದು, ಪರಕೀಯ ಯಾವುದು ಎಂಬುದನ್ನು ಮಾತ್ರ ಕಲಿಯುತ್ತಿತ್ತು. ಕೆಲವು ತಿಂಗಳು ಕೇಂದ್ರದ ಒಡನಾಟದಲ್ಲಿದ್ದು, ಫಕೀರಪ್ಪ ಹೇಗೆ ಮಾತಾಡುತ್ತಾನೆ, ಮುರಿಗೆಪ್ಪ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲವನ್ನೂ ಅರಿತುಕೊಂಡು, ಆಮೇಲೆ ಅದಕ್ಕೆ ಹೊಂದದ್ದನ್ನೆಲ್ಲ ತಡೆಯುತ್ತಿತ್ತು. ಮುಖ ಬದಲಿಸುವ ಕಳ್ಳರಿಗೆ ಇದರ ಮುಂದೆ ದಾರಿಯೇ ಇರಲಿಲ್ಲ.

ಕಂಪನಿಯಿಂದ ಬಂದ ಹೆಣ್ಣುಮಗಳು ಶಾಂತವಾಗಿ ಎಲ್ಲವನ್ನೂ ವಿವರಿಸಿದಳು. ಎರಡು ಷರತ್ತುಗಳಿದ್ದವು. ಪಹರೆ ದನಿಗಳನ್ನು ತನ್ನದೇ ಬೀಗದಲ್ಲಿ ಇಡುತ್ತದೆ. ಅವುಗಳ ಪ್ರತಿ ಹೊರಗೆಲ್ಲೂ ಉಳಿಯಕೂಡದು, ಯಾಕೆಂದರೆ ಕಳ್ಳ ಮೊದಲು ಹುಡುಕುವುದೇ ಆ ಪ್ರತಿಯನ್ನು. ಇನ್ನೊಂದು, ಇವರನ್ನು ಬಿಡು, ಅವರನ್ನು ತಡೆ ಎಂದು ಯಾರೂ ಅದಕ್ಕೆ ಹೇಳಲಾಗುವುದಿಲ್ಲ. ಮಾಲೀಕರು ತೆಗೆಯಬಹುದಾದ ಬಾಗಿಲನ್ನು ಮಾಲೀಕರ ವೇಷದಲ್ಲಿ ಬಂದವನೂ ತೆಗೆಯಬಹುದಲ್ಲವೇ ಎಂದಳು.

ಅವಳು ಹೋದಮೇಲೆ ಇಮ್ತಿಯಾಜ್ ಬಾಗಿಲು ಹಾಕಿಕೊಂಡು ಬಂದ.

“ಮೇಡಂ, ಯಜಮಾನನ ಮಾತೂ ಕೇಳದ ನಾಯಿನ್ನ ಬಾಗಲದಾಗ ಕಟ್ಟೂದು ನನಗ್ಯಾಕೋ ಸರಿ ಕಾಣವಲ್ದು,” ಎಂದ.

ಸುನಂದಾಗೆ ತಾಟಿನ ಪಕ್ಕದಲ್ಲಿ ಬಿಚ್ಚಿಟ್ಟ ಕಂಠಿ ಕಣ್ಣಮುಂದಿತ್ತು. ಸತ್ತ ಗಂಡನ ದನಿಗೆ ಬಾಗಿಲು ತೆಗೆದ ಆ ಹೆಂಗಸೂ ಕಣ್ಣಮುಂದಿದ್ದಳು. “ನಮ್ಮ ಮಾತು ಕೇಳಿದ್ರ ಕಳ್ಳನ ಮಾತೂ ಕೇಳತೈತಲ್ಲ ಇಮ್ತಿಯಾಜ್. ಇದನ್ನ ಹಾಕು,” ಎಂದಳು.

ಹಾಗೆ ಪಹರೆ ಬಂತು. ಮೊದಲ ವರ್ಷ ಅದು ತನ್ನ ಹೆಸರು ಉಳಿಸಿಕೊಂಡಿತು. ಚಳಿಗಾಲದಲ್ಲಿ ದೊಡ್ಡದೊಂದು ದಾಳಿ ಬಂದು ರಾಜ್ಯದ ಎಷ್ಟೋ ಚಿಕಿತ್ಸಾಲಯಗಳು ವಾರಗಟ್ಟಲೆ ಬಾಗಿಲು ಹಾಕಿದಾಗ ಸ್ವರ ಕೇಂದ್ರದ ಪರದೆಯ ಮೇಲೆ ಹಸಿರು ಗೆರೆಯೊಂದು ನಿರಾಳವಾಗಿ ಓಡುತ್ತಿತ್ತು. ಇಮ್ತಿಯಾಜ್ ತನ್ನ ಅನುಮಾನಕ್ಕೆ ತಾನೇ ನಕ್ಕು, ಎಲ್ಲರಿಗೂ ಮಿರ್ಚಿ ಭಜಿ ತರಿಸಿದ. ಮುರಿಗೆಪ್ಪ ಕಂಪ್ಯೂಟರಿನ ಮುಂದೆ ನಿಂತು, ಆರೋಪಿ ಪಹರೆ ಹಾಜರಾಗಬೇಕು ಎಂದು ಕೋರ್ಟಿನ ಧಾಟಿಯಲ್ಲಿ ಕೂಗಿ ಎಲ್ಲರನ್ನೂ ನಗಿಸಿದ.

ಮೊದಲು ದನಿ ಹೋದದ್ದು ಫಕೀರಪ್ಪನದು. ಅವನ ಹೆಂಡತಿ ಹಾವು ಕಚ್ಚಿ ಸತ್ತಳು. ಹೆಣದ ಮುಂದೆ ಕೂತು ಅವನು ಬಾಯಿ ತೆರೆದು ಅಳತೊಡಗಿದಾಗ ಕಂಠಿ ಒಮ್ಮೆ ಕರಕರ ಎಂದು ನಿಂತಿತು. ಮಣ್ಣು ಕೊಡುವ ತನಕ ಅವನ ಬಾಯಿ ಅಗಲವಾಗಿ ತೆರೆದುಕೊಂಡೇ ಇತ್ತು, ಸದ್ದೇ ಇರಲಿಲ್ಲ. ಸಂಬಂಧಿಕರು ಅವನನ್ನು ಕೇಂದ್ರಕ್ಕೆ ಕರೆತಂದಾಗ ಇಮ್ತಿಯಾಜ್ ಕಂಠಿ ಕೆಟ್ಟಿರಬೇಕೆಂದು ಬಿಚ್ಚಿ ನೋಡಿದ. ಕೆಟ್ಟಿರಲಿಲ್ಲ. ಪರದೆಯ ಮೇಲೆ ಫಕೀರಪ್ಪನ ಹೆಸರಿನ ಮುಂದೆ ಪಹರೆ ಒಂದೇ ಸಾಲು ಬರೆದಿತ್ತು: ಇವನು ಅವನಲ್ಲ.

ಆಗ ಇಮ್ತಿಯಾಜನಿಗೆ ಅರ್ಥವಾಯಿತು. ದುಃಖದಲ್ಲಿ ಮನುಷ್ಯನ ಕುತ್ತಿಗೆಯ ಸ್ನಾಯುಗಳು ಬಿಗಿಯುವ ರೀತಿಯೇ ಬೇರೆ. ಪಹರೆ ಕಲಿತಿದ್ದು ಹಣ್ಣು ಮಾರುವ ಫಕೀರಪ್ಪನನ್ನು. ಹೆಂಡತಿ ಸತ್ತ ಫಕೀರಪ್ಪನನ್ನು ಅದು ಯಾವತ್ತೂ ಕಂಡಿರಲಿಲ್ಲ. ಫಕೀರಪ್ಪನ ದನಿಯನ್ನು ಯಾರೋ ಕದ್ದು ಬಳಸುತ್ತಿದ್ದಾರೆ ಎಂದುಕೊಂಡು ಬಾಗಿಲು ಮುಚ್ಚಿತ್ತು.

ಕಂಪನಿಗೆ ಫೋನ್ ಮಾಡಿದಾಗ ಅವರು ಇದು ದೋಷವಲ್ಲ, ಪಹರೆಯ ಸ್ವಭಾವವೇ ಹೀಗೆ ಎಂದರು. ಗಿರಾಕಿ ಮೊದಲಿನ ಹಾಗೆ ಮಾತಾಡಲು ಯತ್ನಿಸುತ್ತಿದ್ದರೆ ಗುರುತು ಸಿಕ್ಕಿದ ಕೂಡಲೆ ಬಿಡುತ್ತದೆ ಎಂದರು. ಮೊದಲಿನ ಹಾಗೆ! ಸುನಂದಾ ಫಕೀರಪ್ಪನನ್ನು ಕೂರಿಸಿಕೊಂಡು, ಬಾಳೆಹಣ್ಣು ಬಂತು ಬಾಳೆಹಣ್ಣು ಎಂದು ಸಂತೋಷದಿಂದ ಕೂಗಿದ ಹಾಗೆ ಬಾಯಿ ಆಡಿಸಲು ಹೇಳಿಕೊಟ್ಟಳು. ಅವನು ಕಣ್ಣೊರೆಸಿಕೊಳ್ಳುತ್ತ ಆಡಿಸಿದ. ಎಷ್ಟು ಆಡಿಸಿದರೂ ಬಾಗಿಲು ತೆರೆಯಲಿಲ್ಲ. ಓದು ಬರಹ ಬಾರದ ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಸನ್ನೆ ಮಾಡುತ್ತ ಹಣ್ಣು ಮಾರಲು ಹೋದ.

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ಒಬ್ಬನ ದನಿ ಮಗನ ಮೇಲೆ ಸಿಟ್ಟು ಮಾಡಿದಾಗ ನಿಂತಿತ್ತು. ಒಬ್ಬಳದು ಮೊಮ್ಮಗನನ್ನು ಮೊದಲ ಸಲ ಎತ್ತಿಕೊಂಡಾಗ. ಸುನಂದಾ ಉಳಿದವರಿಗೆಲ್ಲ ಎಚ್ಚರಿಕೆ ಹೇಳತೊಡಗಿದಳು. ಸಿಟ್ಟಾಗಬೇಡಿ, ಅಳಬೇಡಿ, ಓಡುತ್ತ ಮಾತಾಡಬೇಡಿ, ಹೊಸ ಪದ ಬಳಸಬೇಡಿ. ಮಾತು ಕಲಿಸುವುದೇ ಕಸುಬಾದವಳು ದಿನವಿಡೀ ಹೇಗೆ ಮಾತಾಡಬಾರದು ಎಂದು ಹೇಳಿಕೊಡುತ್ತಿದ್ದಳು. ಮನೆಮಂದಿಯೂ ಕಲಿತುಕೊಂಡರು. ಕಂಠಿ ಕಟ್ಟಿದವರಿದ್ದ ಮನೆಗಳಲ್ಲಿ ಸಾವಿನ ಸುದ್ದಿಯನ್ನು ಮುಚ್ಚಿಡುತ್ತಿದ್ದರು, ಸಿಹಿ ಸುದ್ದಿಯನ್ನೂ ಮುಚ್ಚಿಡುತ್ತಿದ್ದರು.

ಇದರಿಂದ ಏನಾಗುತ್ತಿದೆ ಎಂಬುದನ್ನು ಇಮ್ತಿಯಾಜ್ ತಡವಾಗಿ ಕಂಡ. ಪಹರೆ ಕಲಿಯುವುದನ್ನು ನಿಲ್ಲಿಸಿರಲಿಲ್ಲ. ಜನ ಹೆದರಿ ಹೆದರಿ ಒಂದೇ ಧಾಟಿಯಲ್ಲಿ, ಕೆಲವೇ ಮಾತು ಆಡುತ್ತಿದ್ದಂತೆ, ಇವರೆಂದರೆ ಇಷ್ಟೇ ಎಂದು ಅದು ತಿಳಿದುಕೊಳ್ಳುತ್ತಿತ್ತು. ನಿನ್ನೆ ಬಿಟ್ಟ ಮಾತನ್ನು ಇವತ್ತು ಬಿಡುತ್ತಿರಲಿಲ್ಲ. ಬಾಗಿಲು ಕಿರಿದಾಯಿತೆಂದು ಜನ ಇನ್ನಷ್ಟು ಮುದುಡುತ್ತಿದ್ದರು. ಅವರು ಮುದುಡಿದಷ್ಟೂ ಬಾಗಿಲು ಕಿರಿದಾಗುತ್ತಿತ್ತು. ಗೋಡೆಯ ಮೇಲೆ ಚಿತ್ರ ಬರೆದು ಅವನು ಇದನ್ನು ಸುನಂದಾಗೆ ತೋರಿಸಿದಾಗ ಅವಳು ಕುರ್ಚಿ ಎಳೆದುಕೊಂಡು ಕೂತಳು. ಸಿಟ್ಟಾಗಬೇಡಿ, ಅಳಬೇಡಿ ಎಂದು ಎಲ್ಲರಿಗೂ ಹೇಳಿದವಳು ಅವಳೇ.

ಮನೆಯಲ್ಲೂ ಅದೇ ನಡೆದಿತ್ತು. ಮುರಿಗೆಪ್ಪ ತಮಾಷೆ ಬಿಟ್ಟು ಬಹಳ ದಿನವಾಗಿತ್ತು. ಚಹಾ ಆತೇನು, ಬಾಗಲಾ ಹಾಕು, ಲೈಟ್ ತೆಗಿ, ಇಂಥ ಕೆಲವು ಮಾತುಗಳಷ್ಟೇ ಉಳಿದಿದ್ದವು. ದನಿ ಮಾತ್ರ ಅವನದೇ, ಅದೇ ತುಂಬಿದ ದನಿ. ಸುನಂದಾ ಅಡುಗೆಮನೆಯಲ್ಲಿದ್ದಾಗ ಬಾಗಲಾ ಹಾಕು ಎಂಬುದು ಕೇಳಿದರೆ ಒಂದು ಕ್ಷಣ ಎಲ್ಲವೂ ಸರಿಯಿದೆ ಎನಿಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ರೋಗ ಮರಳಿತು. ಔಷಧಿಗಳು ಬೆರಳುಗಳ ಸ್ಪರ್ಶವನ್ನೇ ಕೊಂದವು. ಪೆನ್ನು ಹಿಡಿಯಲು ಆಗುತ್ತಿರಲಿಲ್ಲ, ಫೋನಿನ ಮೇಲೆ ಅಕ್ಷರ ಒತ್ತಿದರೆ ಬೇರೆಯದೇ ಬೀಳುತ್ತಿತ್ತು. ನೋವಿನಿಂದ ಕುತ್ತಿಗೆ ಬಿಗಿದು ಕಂಠಿಯೂ ಪೂರ್ತಿ ನಿಂತಿತು. ಮತ್ತೊಂದು ಶಸ್ತ್ರಚಿಕಿತ್ಸೆ ಮಾಡಬೇಕು, ನಾಲಗೆಯ ಬುಡ ತೆಗೆಯಬೇಕು ಎಂದರು ವೈದ್ಯರು. ಮಾಡಿಸೋಣವೇ ಎಂದು ಸುನಂದಾ ಕೇಳಿದಾಗ ಮುರಿಗೆಪ್ಪ ಅವಳ ಮುಖವನ್ನೇ ನೋಡುತ್ತಿದ್ದು, ಆಮೇಲೆ ಆಗಲಿ ಎಂದು ಗೋಣು ಹಾಕಿದ. ಆದರೆ ಗೋಣು ಹಾಕಿದ ಮೇಲೂ ಅವನ ತುಟಿ ಆಡುತ್ತಲೇ ಇತ್ತು. ನೋವೇ? ಅಲ್ಲವೆಂದು ತಲೆಯಲ್ಲಾಡಿಸಿದ. ಹೆದರಿಕೆಯೇ? ಅಲ್ಲ. ಯಾರನ್ನಾದರೂ ನೋಡಬೇಕೇ? ಅಲ್ಲ. ತುಟಿಯಾಟದಿಂದಲೂ ಮಾತು ತಿಳಿಯಲಿಲ್ಲ, ಅವಳು ಕೇಳಿ ಕೇಳಿ ಸೋತಳು. ಅವನು ಗೋಡೆಯ ಕಡೆ ಹೊರಳಿದ.

ಮರುದಿನ ಅವಳು ಇಮ್ತಿಯಾಜನನ್ನು ಕೇಳಿದಳು, ಪಹರೆಯನ್ನು ಕಿತ್ತುಹಾಕಿದರೆ ಏನಾಗುತ್ತದೆ?

ಅವನು ಅದನ್ನೇ ಯೋಚಿಸುತ್ತಿದ್ದ. ಕಂಪನಿ ಅಷ್ಟರಲ್ಲಿ ಮುಚ್ಚಿಹೋಗಿತ್ತು, ಫೋನ್ ಎತ್ತುವವರಿರಲಿಲ್ಲ. ಪಹರೆಯನ್ನು ಬಲವಂತದಿಂದ ಕಿತ್ತರೆ ಅದರ ಬೀಗದಲ್ಲಿರುವ ದನಿಗಳು ಎಂದೆಂದಿಗೂ ಬೀಗದಲ್ಲೇ ಉಳಿಯುತ್ತವೆ. ಹೊರಗೆ ಪ್ರತಿಯಿಲ್ಲ, ಹೊಸದಾಗಿ ಮುದ್ರಿಸಲು ಯಾರಿಗೂ ಗಂಟಲಿಲ್ಲ. ಆದರೆ ಮಿಡಿತದಿಂದ ಮಾತು ಗುರುತಿಸುವ ನಕ್ಷೆಗಳು ಬೀಗದ ಹೊರಗಿವೆ. ಪಹರೆ ಇರುವ ತನಕ ಅವನ್ನು ಮುಟ್ಟಲು ಬಿಡುವುದಿಲ್ಲ. ಅದು ಹೋದರೆ ಅವು ಉಳಿಯುತ್ತವೆ. ಅಂದರೆ ಎಲ್ಲರೂ ಏನು ಬೇಕಾದರೂ ಮಾತಾಡಬಹುದು, ಕಂಠಿಯ ಜೊತೆ ಕಾರ್ಖಾನೆಯಿಂದ ಬಂದ ದನಿಯಲ್ಲಿ. ಗಂಡಸರಿಗೊಂದು, ಹೆಂಗಸರಿಗೊಂದು, ಬ್ಯಾಂಕಿನ ಫೋನಿನಲ್ಲಿ ಕೇಳುವಂಥ ದನಿ. ಒಬ್ಬರಿಗಷ್ಟೇ ಮಾಡಿ ಉಳಿದವರನ್ನು ಬಿಡಲು ಬರುವುದಿಲ್ಲವೇ ಎಂದಳು. ಕಂಪ್ಯೂಟರ್ ಒಂದೇ, ಪಹರೆಯೂ ಒಂದೇ, ಆಗುವುದಿಲ್ಲ ಎಂದ.

ಎಲ್ಲರನ್ನೂ ಕರೆಸಿದರು. ಕೇಂದ್ರದ ಕೋಣೆ ತುಂಬಿ ಮೆಟ್ಟಿಲ ಮೇಲೂ ಜನ ಕೂತರು. ಇಮ್ತಿಯಾಜ್ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಹೆಚ್ಚಿನವರ ಕಂಠಿ ಆಗಲೇ ಮೂಕವಾಗಿತ್ತು. ಕಿತ್ತುಹಾಕಲು ಒಪ್ಪುವವರು ಕೈ ಎತ್ತಿ ಎಂದಾಗ ಫಕೀರಪ್ಪ ಎರಡೂ ಕೈ ಎತ್ತಿದ. ಅವನ ಹಿಂದೆ ಉಳಿದ ಕೈಗಳೂ ಎದ್ದವು. ವತ್ಸಲಾ ಇನಾಮದಾರಳ ಕೈಗಳು ಮಡಿಲಲ್ಲೇ ಇದ್ದವು.

ವತ್ಸಲಾಳ ತಾಯಿ ತುಂಗಾಬಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಎಂಬತ್ತು ದಾಟಿದ ಜೀವ. ಮನೆಯಲ್ಲಿ ಅವರಿಬ್ಬರೇ. ವತ್ಸಲಾಗೆ ಉಳಿದಿದ್ದ ನಾಲ್ಕಾರು ಮಾತುಗಳಿಂದಲೇ ಆ ಮನೆ ನಡೆದಿತ್ತು. ಅವ್ವಾ, ಏಳು. ಅವ್ವಾ, ಊಟ ಮಾಡು. ಅವ್ವಾ, ನಾ ಇಲ್ಲೇ ಇದ್ದೀನಿ. ಆ ಮಾತುಗಳನ್ನು ಕಳೆದುಕೊಳ್ಳಬಾರದೆಂದು ಅವಳು ಬೇರೆ ಯಾರೊಡನೆಯೂ ಮಾತಾಡುವುದನ್ನೇ ಬಿಟ್ಟಿದ್ದಳು, ಪಾಠವನ್ನೂ ಬಿಟ್ಟಿದ್ದಳು. ಈಗ ಒಂದು ಹಾಳೆಯ ಮೇಲೆ ಬರೆದು ಸುನಂದಾಳ ಕೈಗಿತ್ತಳು. ಅವ್ವ ಹೋಗುವ ತನಕ ಕಾಯಿರಿ, ಆಮೇಲೆ ಏನು ಬೇಕಾದರೂ ಮಾಡಿರಿ ಎಂದಿತ್ತು.

ಸುನಂದಾ ಅವಳನ್ನು ಒಳಗೆ ಕರೆದೊಯ್ದು ಮುರಿಗೆಪ್ಪನ ವಿಷಯ ಹೇಳಿದಳು. ಬರುವ ವಾರ ಅವನನ್ನು ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ಅವನಿಗೆ ಏನೋ ಹೇಳುವುದಿದೆ. ನಾಲಗೆಯ ಬುಡ ಹೋದಮೇಲೆ ಮಿಡಿತವೂ ಇರುವುದಿಲ್ಲ, ಯಾವ ಕಂಠಿಯೂ ನುಡಿಸಲಾರದು.

ವತ್ಸಲಾ ಕೇಳಿಸಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು, ತಟ್ಟನೆ ಎರಡೂ ಕೈಗಳಿಂದ ತನ್ನ ಕುತ್ತಿಗೆಯನ್ನು ಮುಚ್ಚಿಕೊಂಡಳು. ಅಳು ಬಂದರೆ ಆ ನಾಲ್ಕು ಮಾತೂ ಹೋದಾವೆಂದು ಹೆದರಿದ್ದಳು. ಹಾಗೇ ಕುತ್ತಿಗೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಎರಡು ದಿನ ಸುನಂದಾ ನಿರ್ಧರಿಸಲಾರದೆ ಒದ್ದಾಡಿದಳು. ಕೈ ಎತ್ತಿದವರು ಎಷ್ಟೋ ಮಂದಿ, ಎತ್ತದವಳು ಒಬ್ಬಳು, ಇದೇ ನ್ಯಾಯ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ತಾನು ಎಣಿಸುತ್ತಿರುವುದು ಆ ಕೈಗಳನ್ನಲ್ಲ, ಮುರಿಗೆಪ್ಪನೊಬ್ಬನನ್ನೇ ಎಂಬುದು ಅವಳಿಗೆ ಗೊತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಇಮ್ತಿಯಾಜನಿಗೆ ಕಿತ್ತುಹಾಕು ಎಂದಳು.

ಅವನು ವತ್ಸಲಾಗೆ ಮೊದಲು ಸುದ್ದಿ ಮುಟ್ಟಿಸಿದ. ತಾಯಿಯೊಡನೆ ಒಂದು ಬೆಳಗು ಕಳೆಯಲಿ ಎಂದು ಮಧ್ಯಾಹ್ನದ ತನಕ ಕಾದ. ಆಮೇಲೆ ಕೆಲಸ ಶುರುಮಾಡಿದ. ಪಹರೆ ಸುಲಭಕ್ಕೆ ಬಿಡಲಿಲ್ಲ. ಇಮ್ತಿಯಾಜನನ್ನೂ ಪರಕೀಯನೆಂದೇ ತಿಳಿದು ಒಂದೊಂದೇ ಬಾಗಿಲು ಮುಚ್ಚುತ್ತ ಹಿಂದೆ ಸರಿಯಿತು. ಪರದೆಯ ಮೇಲೆ ಜನರ ಹೆಸರುಗಳು ಒಂದೊಂದಾಗಿ ಬೂದುಬಣ್ಣಕ್ಕೆ ತಿರುಗಿದವು. ಮುರಿಗೆಪ್ಪ ಹೊಂಬಳ ಎಂಬ ಹೆಸರು ಬೂದಾದಾಗ ಸುನಂದಾ ಎದ್ದು ಹೋಗಿ ಕಿಟಕಿಯ ಬಳಿ ನಿಂತಳು. ಕೊನೆಗೆ ಹಸಿರು ಗೆರೆ ನಿಂತಿತು. ಇಮ್ತಿಯಾಜ್ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟ.

ಸಂಜೆ ಆಸ್ಪತ್ರೆಯಲ್ಲಿ ಸುನಂದಾ ಗಂಡನ ಕುತ್ತಿಗೆಗೆ ಕಂಠಿ ಕಟ್ಟಿದಳು. ಹಿಂಜರಿಯುತ್ತ ಅವನು ತುಟಿ ಆಡಿಸಿದ.

“ಸುನಂದಾ,” ಎಂದಿತು ದನಿ.

ಯಾರದೋ ದನಿ. ನಯವಾದ, ಯಾವ ಊರಿನದೂ ಅಲ್ಲದ ದನಿ. ಅವಳಿಗೆ ಅರಿವಿಲ್ಲದೆಯೇ ಭುಜಗಳು ಬೆಚ್ಚಿ ಹಿಂದಕ್ಕೆ ಸರಿದವು. ಮುರಿಗೆಪ್ಪ ಅದನ್ನು ಕಂಡ. ಆದರೂ ಮುಂದುವರಿಸಿದ.

“ಅವತ್ತ ನೀ ಕೇಳಿದಿ ಅಂತ ಗೋಣ ಹಾಕಿದೆ. ನಿನ್ನ ಮಾರಿ ನೋಡಿ ಒಲ್ಲೆ ಅನ್ನಾಕ ಆಗಲಿಲ್ಲ. ಆಪರೇಶನ್ ನನಗ ಬ್ಯಾಡ. ಸಾಕಾಗೇತಿ. ಮನೀಗೆ ಕರಕೊಂಡು ಹೋಗು.”

ಇಷ್ಟೇ ಅವನು ಹೇಳಬೇಕಿದ್ದದ್ದು. ಅವಳು ಅವನ ಕೈ ಹಿಡಿದು, ಆಗಲಿ ಎಂದಳು. ಮರುದಿನ ಮನೆಗೆ ಕರೆತಂದಳು.

ಮನೆಯಲ್ಲಿ ಅವನು ಚಳಿಗಾಲದ ತನಕ ಬದುಕಿದ. ಈಗ ಯಾವ ತಡೆಯೂ ಇರಲಿಲ್ಲ, ಅವನು ನಗಬಹುದಿತ್ತು, ಬೈಯಬಹುದಿತ್ತು, ಏನು ಬೇಕಾದರೂ ಹೇಳಬಹುದಿತ್ತು. ಸುನಂದಾ ಪಕ್ಕದಲ್ಲಿ ಕೂತು, ಮಾತಾಡು ಎನ್ನುತ್ತಿದ್ದಳು. ಆದರೆ ಆ ದನಿ ಕೇಳಿದಾಗಲೆಲ್ಲ ಅವಳ ಮೈ ತಾನಾಗಿಯೇ ಬಿಗಿಯುತ್ತಿತ್ತು. ಎಷ್ಟು ತಡೆದರೂ ತಡೆಯಲಾಗುತ್ತಿರಲಿಲ್ಲ. ಕತ್ತಲಾದ ಮೇಲಂತೂ ಕೋಣೆಯಲ್ಲಿ ಮೂರನೆಯವನೊಬ್ಬ ಇದ್ದಾನೆ ಎನಿಸುತ್ತಿತ್ತು. ಮುರಿಗೆಪ್ಪ ನ್ಯಾಯಾಲಯದಲ್ಲಿ ಜೀವನವಿಡೀ ಜನರ ಮುಖ ನೋಡಿದವನು. ಕೆಲವು ದಿನಗಳಾದ ಮೇಲೆ, ಅವಳು ಕೋಣೆಗೆ ಬರುವ ಸಪ್ಪಳ ಕೇಳಿದ ಕೂಡಲೆ, ಸ್ಪರ್ಶವಿಲ್ಲದ ಬೆರಳುಗಳಿಂದ ತಡಕಾಡಿ ಕಂಠಿಯನ್ನು ಬಿಚ್ಚಿ ತಲೆದಿಂಬಿನ ಕೆಳಗೆ ಇಟ್ಟುಬಿಡುತ್ತಿದ್ದ. ಬೇಡ, ಕಟ್ಟಿಕೋ ಎಂದು ಅವಳು ಎಷ್ಟೋ ಸಲ ಹೇಳಿದಳು. ಅವನು ನಗುತ್ತ ತಲೆಯಲ್ಲಾಡಿಸುತ್ತಿದ್ದ. ಕೊನೆಯ ತನಕ ಅವಳೆದುರಿಗೆ ಕಟ್ಟಿಕೊಳ್ಳಲಿಲ್ಲ.

ಅವನು ಹೋದ ಮೇಲೆ ಸುನಂದಾ ಕೇಂದ್ರಕ್ಕೆ ಹೋಗುವುದನ್ನು ಕಡಿಮೆ ಮಾಡಿದಳು. ಇಮ್ತಿಯಾಜ್ ಹಳೆಯ ಪ್ರತಿಗಳಿಗಾಗಿ ಎಲ್ಲೆಲ್ಲೋ ಹುಡುಕಿದ. ಮದುವೆಯ ವಿಡಿಯೋಗಳಲ್ಲಿ ಬ್ಯಾಂಡಿನ ಸದ್ದಿನ ನಡುವೆ ಸಿಕ್ಕ ಒಂದೆರಡು ಮಾತುಗಳಿಂದ ಯಾರ ದನಿಯನ್ನೂ ಕಟ್ಟಲಾಗಲಿಲ್ಲ. ಫಕೀರಪ್ಪ ಕಾರ್ಖಾನೆಯ ದನಿಯಲ್ಲಿ ಮಾರ್ಕೆಟ್ಟಿನಲ್ಲಿ ಕೂಗತೊಡಗಿದ್ದ. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಕಂಠಿ ಕಟ್ಟಿದ ಮತ್ತೊಬ್ಬನೂ ಅದೇ ದನಿಯಲ್ಲಿ ಕೂಗುತ್ತಿದ್ದ. ಯಾರು ಯಾರೆಂದು ಜನಕ್ಕೆ ತಿಳಿಯುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಸುನಂದಾ ಧೈರ್ಯ ಮಾಡಿ ಕೇಶ್ವಾಪುರದ ವತ್ಸಲಾಳ ಮನೆಗೆ ಹೋದಳು. ಕ್ಷಮೆ ಕೇಳಬೇಕೆಂದುಕೊಂಡಿದ್ದಳು. ವತ್ಸಲಾ ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದಳು. ನಡುಮನೆಯಲ್ಲಿ ತುಂಗಾಬಾಯಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಸುನಂದಾ ನಮಸ್ಕಾರ ಎಂದ ಕೂಡಲೆ ಗುರುತು ಹಿಡಿದಳು.

“ದನಿ ಕೊಡೋ ಡಾಕ್ಟರಬಾಯಿ ಅಲ್ಲೇನವಾ? ಛಲೋ ಬಂದಿ. ನಮ್ಮ ವತ್ಸಲಾ ಎಲ್ಲಿದ್ದಾಳ ನಿನಗರೆ ಗೊತ್ತದ ಏನು?”

ವತ್ಸಲಾ ತಾಯಿಯ ಪಕ್ಕದಲ್ಲೇ ನಿಂತಿದ್ದಳು. ಸುನಂದಾ ಅವಳ ಕಡೆ ನೋಡಿದಳು. ಹೇಳಬೇಡ ಎಂಬಂತೆ ವತ್ಸಲಾ ಮೆಲ್ಲಗೆ ತಲೆಯಲ್ಲಾಡಿಸಿದಳು.

ನಡೆದದ್ದನ್ನು ಮುದುಕಿಯೇ ಹೇಳಿದಳು. ಒಂದು ಮಧ್ಯಾಹ್ನ ಮಗಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಬೇರೆ ಯಾರೋ ಬಂದು, ನಾನೇ ವತ್ಸಲಾ ಎಂದು ಹಟ ಹಿಡಿದು ಅತ್ತಳು, ಕೈ ಹಿಡಿಸಿದಳು, ಮುಖ ಮುಟ್ಟಿಸಿದಳು. ಕೈ ಮಗಳ ಕೈಯ ಹಾಗೇ ಇತ್ತು, ನಿಜ. ಆದರೆ ದನಿ ಕದಿಯುವ ಕಳ್ಳರ ಕಾಲದಲ್ಲಿ ಮಗಳೇ ಹೇಳಿಕೊಟ್ಟಿದ್ದಳು: ನನ್ನ ದನಿ ಕೇಳದ ಹೊರತು ಯಾರು ಏನು ಹೇಳಿದರೂ ನಂಬಬೇಡ. ಮುದುಕಿ ನಂಬಲಿಲ್ಲ. ಎರಡು ದಿನ ಆ ಕೈಯಿಂದ ನೀರನ್ನೂ ಮುಟ್ಟಲಿಲ್ಲ. ಕೊನೆಗೆ ಆ ಹೆಂಗಸು ನಿಜ ಒಪ್ಪಿಕೊಂಡಳಂತೆ, ನಾನು ನಿಮ್ಮ ಮಗಳು ಕಳಿಸಿದ ಕೆಲಸದವಳು, ಅವಳು ದೂರದೂರಿಗೆ ಪಾಠ ಹೇಳಲು ಹೋಗಿದ್ದಾಳೆ ಎಂದಳಂತೆ. ಆಗ ಊಟ ಮಾಡಿದೆ ಎಂದಳು ತುಂಗಾಬಾಯಿ.

“ಒಂದು ಫೋನರೆ ಮಾಡಬಾರದೇನು ಆಕಿ? ಇಷ್ಟು ಕಲ್ಲು ಮನಸಿನಾಕಿ ಅಲ್ಲ ನಮ್ಮಾಕಿ. ಸತ್ತಾಳೇನು? ನೀ ಖರೇ ಹೇಳು.”

ಖರೇ ಹೇಳಿದರೆ ಮುದುಕಿ ಮತ್ತೆ ಅನ್ನ ನೀರು ಬಿಡುತ್ತಾಳೆ ಎನಿಸಿತು ಸುನಂದಾಗೆ. “ಇಲ್ರಿ, ಆರಾಮದಾಳ್ರಿ,” ಎಂದಳು. ಆಮೇಲೆ, ಸೂಟಿ ಸಿಕ್ಕಿಲ್ಲ, ಸಿಕ್ಕರೆ ಬರುತ್ತಾಳೆ ಎಂದು ಸೇರಿಸಿದಳು. ಕ್ಷಮೆ ಕೇಳಬೇಕೆಂದು ಬಂದವಳಿಗೆ ಅದರ ಮಾತೇ ಬಾಯಿಗೆ ಬರಲಿಲ್ಲ.

ವತ್ಸಲಾ ಅನ್ನ ಕಲಸಿ ತಂದು ಮಂಚದ ಬಳಿ ಕೂತು ತುತ್ತು ಮಾಡಿ ತಿನ್ನಿಸತೊಡಗಿದಳು. ಮುದುಕಿ ನಿಧಾನವಾಗಿ ತಿಂದಳು. ನಡುವೆ ಒಮ್ಮೆ ಆ ಕೈಯನ್ನು ಹಿಡಿದು ತಟ್ಟಿದಳು.

“ನೀ ಭಾಳ ಛಲೋ ನೋಡ್ಕೋತೀಯವಾ. ಆದ್ರ ನನ್ನ ಮಗಳು ಬಂದ ಮ್ಯಾಲೆ ನೀ ಹೋಗಬೇಕಾಗ್ತದ. ಬ್ಯಾಸರ ಮಾಡ್ಕೋಬ್ಯಾಡ.”

“ಇಲ್ರೀ ಅಮ್ಮಾರ. ಮಾಡ್ಕೊಳ್ಳೂದಿಲ್ಲ,” ಎಂದಿತು ಕಂಠಿಯ ನಯವಾದ ದನಿ. ವತ್ಸಲಾ ಇನ್ನೊಂದು ತುತ್ತು ಮಾಡಿ ತಾಯಿಯ ಬಾಯಿಗಿಟ್ಟಳು.